ಬೂದಿ ಹಚ್ಚಿದ ಓಕ್ ಬೀಜಗಳು

ನನ್ನ ಕೈಗುಣವನ್ನು ನಾನೇ ಹೊಗಳಿಕೊಂಡರೆ ಜಂಬ ಅಂದುಕೊಳ್ಳುತ್ತೀರಿ. ಅಂದುಕೊಳ್ಳಿ, ನನಗೇನು. ಐರೋಲಿಯ ನಮ್ಮ ಬಿಲ್ಡಿಂಗಿಗೆ ಬಂದು ಯಾರನ್ನು ಬೇಕಾದರೂ ಕೇಳಿ, ನಾಲ್ಕನೇ ಮಜಲಿನ ಬಾಲ್ಕನಿಯಲ್ಲಿ ಕರಿಬೇವನ್ನು ಬೀಜ ಹಾಕಿ ಆಳೆತ್ತರ ಬೆಳೆಸಿದವಳು ಯಾರು ಅಂತ. ನವರಾತ್ರಿಯಲ್ಲಿ ದೇವರ ಮುಂದೆ ಮಣ್ಣು ಹರಡಿ, ನಡುವೆ ಘಟ ಇಟ್ಟು, ಸುತ್ತ ಜೋಳ ಗೋಧಿ ಬಿತ್ತುತ್ತೇವಲ್ಲ, ಒಂಬತ್ತು ದಿನಕ್ಕೆ ಆ ಸಸಿ ಎಷ್ಟು ಎತ್ತರ ಬರುತ್ತದೋ ಮನೆಗೆ ಅಷ್ಟು ಒಳ್ಳೆಯದು ಎಂಬ ನಂಬಿಕೆ. ನಮ್ಮ ಗದಗಿನ ಕಡೆ ಇದ್ದ ಹಾಗೆಯೇ ಇಲ್ಲಿಯ ಮರಾಠಿಯವರಲ್ಲೂ ಅದೇ ಪದ್ಧತಿ. "ಕಾಕೂ, ಪಹಿಲಾ ದಾಣಾ ತುಮ್ಹೀಚ ಟಾಕಾ" ಎಂದು ಮನೆಮನೆಗೆ ಕರೆದುಕೊಂಡು ಹೋಗಿ ಮೊದಲ ಕಾಳು ನನ್ನ ಕೈಯಿಂದಲೇ ಹಾಕಿಸುತ್ತಾರೆ. ನಾನು ಹಾಕಿದ ಕಾಳು ಮೂರನೇ ದಿನ ತಲೆ ಎತ್ತದೇ ಇದ್ದದ್ದೇ ಇಲ್ಲ.

ಇಂಥ ನನ್ನ ಕೈಯಿಂದ ಒಮ್ಮೆ ಇಪ್ಪತ್ತೊಂದು ಬೀಜ ಸತ್ತವು. ಅದೂ ನಮ್ಮವರು ಜೀವಮಾನದಲ್ಲಿ ಒಂದೇ ಒಂದು ಸಲ ಬಾಯಿ ಬಿಟ್ಟು ಕೇಳಿದ ಬೀಜ.

ನಮ್ಮವರು ಅಂದರೆ ನನ್ನ ಗಂಡ. ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಲ್ಯಾಮಿನೇಟ್ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದವರು. ಪ್ಲೈವುಡ್ ಮೇಲೆ ಅಂಟಿಸುವ, ಮರದ ಗೆರೆಗಳನ್ನು ಅಚ್ಚು ಹಾಕಿದ ಹಾಳೆ ಇರುತ್ತದಲ್ಲ, ಅದನ್ನು ಮಾರುವುದು ಅವರ ಕೆಲಸ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಹೋಗುತ್ತಿದ್ದದ್ದು ಓಕ್ ಫಿನಿಶ್. ತಿಳಿ ಓಕ್, ಜೇನು ಬಣ್ಣದ ಓಕ್, ಹೊಗೆ ಬಣ್ಣದ ಓಕ್. ಠಾಣೆ, ಡೊಂಬಿವ್ಲಿ, ಕಲ್ಯಾಣದ ಅದೆಷ್ಟೋ ಮನೆಗಳ ಟೀವಿ ಗೋಡೆಯ ಮೇಲೆ ನಮ್ಮವರು ಮಾರಿದ ಓಕ್ ಇದೆ. ನಮ್ಮ ಅಡುಗೆಮನೆಯ ಕಪಾಟಿಗೂ ಅದೇ. ಬಂದವರ ಎದುರಿಗೆ ಅದನ್ನು ಬೆರಳಿನಿಂದ ಬಡಿದು, "ಓಕ್!" ಅನ್ನುತ್ತಿದ್ದರು, ಮಗನ ಮಾರ್ಕ್ಸ್ ಹೇಳುವ ಹಾಗೆ.

"ಓಕಿನ ಮರಾ ಹೆಂಗಿರ್ತೈತ್ರಿ?" ಎಂದು ನಾನು ಕೇಳಿದರೆ ಮಾತ್ರ, "ಭಾಳ ದೊಡ್ಡದಿರ್ತೈತಿ" ಎಂದು ಪೇಪರು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ನೋಡಿದ್ದರೆ ತಾನೆ ಹೇಳಲು!

ರಿಟೈರ್ ಆದ ಚಳಿಗಾಲದಲ್ಲಿ ಒಂದು ಟೂರಿನ ಬಸ್ಸು ಹತ್ತಿ ಉತ್ತರಾಖಂಡದ ಗುಡ್ಡಗಳಿಗೆ ಹೋದೆವು. ಒಂದು ಬೆಳಿಗ್ಗೆ ಗುಡಿಯ ದಾರಿಯಲ್ಲಿ ಏದುಸಿರು ಬಿಡುತ್ತ ಏರುತ್ತಿದ್ದಾಗ ಗೈಡು ಸುಮ್ಮನೆ ಕೈ ತೋರಿಸಿ, ಇದೆಲ್ಲ ಓಕ್ ಕಾಡು, ಇಲ್ಲಿಯವರು ಬಾಂಜ್ ಅನ್ನುತ್ತಾರೆ ಎಂದು ಮುಂದೆ ಹೋದ. ನಮ್ಮವರು ನಿಂತುಬಿಟ್ಟರು. ನಾನು ಮಂಡಿ ಹಿಡಿದಿರಬೇಕು ಎಂದು ಹೆದರಿ ಹತ್ತಿರ ಹೋದೆ. ಅವರು ಒಂದು ಮುದಿ ಮರದ ಬೊಡ್ಡೆಗೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಒರಟು ತೊಗಟೆ, ಅದರ ಮೇಲೆ ಹಾವಸೆ, ಮೇಲೆ ಹಲ್ಲು ಹಲ್ಲು ಅಂಚಿನ ಸಣ್ಣ ಎಲೆ. ಗಾಳಿ ಬಂದು ಎಲೆ ಮಗುಚಿದರೆ ಅಡಿಭಾಗ ಬೂದಿ ಹಚ್ಚಿದ ಹಾಗೆ ಬೆಳ್ಳಗೆ.

"ನಮ್ ಶೀಟಿಗೂ ಇದಕ್ಕೂ ಸಂಬಂಧಾನ ಇಲ್ಲಲೇ" ಎಂದರು. ಕಣ್ಣು ತುಂಬಿದ್ದವು.

ಫರ್ನಿಚರಿನ ಓಕ್ ಬೇರೆ, ಅದು ವಿದೇಶದ್ದು, ಇದು ಗುಡ್ಡದ ಜಾತಿ ಎಂದು ಗೈಡು ಹಿಂದೆ ತಿರುಗಿ ಸಮಾಧಾನ ಹೇಳಿದ. "ಇರಲಿ ಬಿಡ್ರಿ, ಮನಿತನ ಒಂದ ಅಲ್ಲ?" ಎಂದರು ಇವರು, ಕನ್ನಡದಲ್ಲೇ. ಆಮೇಲೆ ನೆಲದ ಮೇಲೆ ಕೂತು ಬೀಜ ಆರಿಸಲು ಶುರು ಮಾಡಿದರು. ಟೊಪ್ಪಿಗೆ ಹಾಕಿಕೊಂಡ ಸಣ್ಣ ಅಡಿಕೆಯಂಥ ಬೀಜ. ಮರದ ಮೇಲಿನ ಕರಿಮುಖದ ಮುಸಿಯಗಳು ಇವರನ್ನು ನೋಡಿ ಹಲ್ಲು ಕಿಸಿದವು, ತಮ್ಮ ಪಾಲಿಗೆ ಇದ್ಯಾರು ಬಂದರು ಅಂತ. ಇಪ್ಪತ್ತೊಂದು ಎಣಿಸಿ ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು.

"ಇವನ್ನ ಹುಟ್ಟಿಸಿ ಕೊಡು. ನಿನ್ ಕೈಯಾಗ ಆಗ್ಲಿಲ್ಲಂದ್ರ ಯಾರ ಕೈಯಾಗೂ ಆಗಾಂಗಿಲ್ಲ."

ಈ ಮನುಷ್ಯ ಸಾರಿಗೆ ಉಪ್ಪು ಬೇಕೆಂದೂ ಕೇಳಿದವರಲ್ಲ. ಹಾಕಿದ್ದು ಉಂಡು, ಕೊಟ್ಟದ್ದು ಉಟ್ಟು ಇದ್ದವರು. ಅಂಥವರು ಕೇಳಿದ್ದಾರೆ ಎಂದು ನನಗೆ ಎದೆ ಉಬ್ಬಿಬಂತು. ಇದನ್ನು ಮಾಡಿ ತೋರಿಸದಿದ್ದರೆ ನಾನು ನಮ್ಮವ್ವನ ಮಗಳೇ ಅಲ್ಲ ಅಂದುಕೊಂಡೆ.

ನಮ್ಮವ್ವ ಬೀಜ ಕಾಯುವುದರಲ್ಲಿ ಎತ್ತಿದ ಕೈ. ಜೋಳ, ಹೆಸರು, ಅಲಸಂದಿ, ಅವರೆ, ಯಾವುದೇ ಇರಲಿ, ಬಿಸಿಲಿಗೆ ಹರಡಿ ಹತ್ತು ದಿನ ಒಣಗಿಸುವುದು, ಒಲೆಯ ಬೂದಿ ತಿಕ್ಕುವುದು, ಗಡಿಗೆಗೆ ತುಂಬಿ ಬಾಯಿಗೆ ಸಗಣಿ ಮೆತ್ತುವುದು. ಬಿತ್ತೋ ಬೀಜ ಹಲ್ಲಿಗೆ ಹಾಕಿದರೆ ಕಟ್ ಅನ್ನಬೇಕು, ಇಲ್ಲಾಂದರೆ ಅದು ಬೀಜವೇ ಅಲ್ಲ ಅನ್ನುತ್ತಿದ್ದಳು. ಟೂರಿನಿಂದ ಮನೆಗೆ ಬಂದ ಮರುದಿನವೇ ನಾನೂ ಹಾಗೆ ಮಾಡಿದೆ. ಸೊಸೈಟಿಯ ಟೆರೇಸಿನ ಮೇಲೆ ಹಪ್ಪಳದ ಪಕ್ಕ ಹಳೆಯ ಸೀರೆ ಹಾಸಿ, ಇಪ್ಪತ್ತೊಂದನ್ನೂ ಸಾಲಾಗಿ ಮಲಗಿಸಿ, ಕಾಗೆ ಓಡಿಸುತ್ತ ಕೂತೆ. ಬೂದಿಗೆ ಒಲೆ ಎಲ್ಲಿಂದ ತರೋಣ? ಗೇಟಿನ ಹತ್ತಿರ ಇದ್ದಿಲಿನ ಇಸ್ತ್ರಿಯವನ ಬಳಿ ಒಂದು ಡಬ್ಬಿ ಬೂದಿ ಕೇಳಿ ತಂದೆ. ಅವನು ಪಾತ್ರೆ ತಿಕ್ಕಲು ಅಂದುಕೊಂಡ. ಹತ್ತು ದಿನಕ್ಕೆ ಬೀಜ ಎಂಥ ಒಣಗಿದವು ಅಂತೀರಿ, ಅಲ್ಲಾಡಿಸಿದರೆ ಒಳಗೆ ಗಿಲಿಗಿಲಿ ಸದ್ದು. ಒಂದನ್ನು ಹಲ್ಲಿಗೆ ಹಾಕಿ ನೋಡಿದೆ. ಕಟ್ ಅಂತು. ಬೀಜದ ಮೇಲೆ ನನ್ನ ಹಲ್ಲಿನ ಗುರುತು ಮೂಡಿತು, ನನಗೆ ಮೂರು ದಿನ ದವಡೆ ನೋವು. ಆದರೂ ಖುಷಿ.

ಸಂಕ್ರಾಂತಿಯ ದಿನ ಒಳ್ಳೆಯ ಹೊತ್ತು ನೋಡಿ, ಅರ್ಧ ಕೊಯ್ದ ನೀಲಿ ಡ್ರಮ್ಮಿಗೆ ಹೊಸ ಮಣ್ಣು ತುಂಬಿ, ಅರಿಶಿನ ಕುಂಕುಮ ಏರಿಸಿ ಇಪ್ಪತ್ತೊಂದನ್ನೂ ಬಿತ್ತಿದೆ. ನಮ್ಮವರು ಪಕ್ಕದಲ್ಲಿ ಎಳ್ಳು ಬೆಲ್ಲ ತಿನ್ನುತ್ತ ನಿಂತಿದ್ದರು.

ಮರುದಿನದಿಂದ ಅವರಿಗೆ ಅದೇ ಕೆಲಸ. ಬೆಳಿಗ್ಗೆ ಎದ್ದು ಚಹಾ ಹಿಡಿದು ಡ್ರಮ್ಮಿನ ಮುಂದೆ ನಿಲ್ಲುವುದು. "ಇವತ್ತ ಬರ್ತೈತಿ ನೋಡು" ಅನ್ನುವುದು. ಒಂದು ವಾರ, ಎರಡು ವಾರ. ನನಗೆ ತಲೆ ಕೆಟ್ಟುಹೋಯಿತು. "ಅದೇನ್ ಎಂಟು ಹದಿನೆಂಟರ ಲೋಕಲ್ ಏನ್ರಿ, ಪ್ಲಾಟ್‌ಫಾರ್ಮಿನ್ಯಾಗ ನಿಂತಂಗ ನಿಂತೀರಿ! ಸರೀರಿ ಆ ಕಡೆ, ನೀರ್ ಹಾಕೂದೈತಿ" ಎಂದು ಹರಿಹಾಯ್ದೆ. ಅವರು ಸರಿದು ನಿಂತರು. ಮತ್ತೆ ಮರುದಿನ ಅದೇ ಜಾಗ, ಅದೇ ಚಹಾದ ಕಪ್ಪು, ಅದೇ ಮಾತು.

ತಿಂಗಳಾಯಿತು. ಮಣ್ಣು ಬಿರುಕು ಕೂಡ ಬಿಡಲಿಲ್ಲ.

ಎದುರುಮನೆಯಾಕೆ ಒಂದು ದಿನ ಕರಿಬೇವಿಗೆ ಬಂದಳು. ಆಕೆ ಉಡುಪಿ ಕಡೆಯವಳು, ಠಾಣೆಯಲ್ಲಿ ಅವರದ್ದೊಂದು ಸಸ್ಯಾಹಾರಿ ಹೋಟೆಲಿದೆ. ಮಾತು ನೇರ, ಒಗ್ಗರಣೆಯಂತೆ ಚಟಪಟ. "ಇದೆಂತ ಹಾಕಿದ್ದು ಡ್ರಮ್ಮಿನಲ್ಲಿ, ಒಂದು ತಿಂಗಳಿಂದ ಬರೀ ಮಣ್ಣಿಗೆ ನೀರು ಹಾಕುವುದು ಕಾಣ್ತದೆ?" ಎಂದಳು. ನಾನು ಎಲ್ಲ ಹೇಳಿದೆ. ಬೂದಿಯ ವಿಷಯ ಬಂದಾಗ ಆಕೆ ಹಣೆಗೆ ಕೈ ಹೊಡೆದುಕೊಂಡಳು.

"ಒಣಗಿಸಿದ್ರಾ? ಅಯ್ಯೋ ಮಾರಾಯ್ರೇ! ಹಲಸಿನ ಬೀಜ ಯಾರಾದ್ರೂ ಒಣಗಿಸಿ ಬಿತ್ತುವುದುಂಟಾ?"

"ಹಲಸಲ್ರಿ, ಓಕ್."

"ಎಂತದ್ದೇ ಆಗ್ಲಿ. ಇಷ್ಟು ದಪ್ಪ, ಒಳಗೆ ತಿರುಳು ಉಂಟಲ್ಲ? ಅಂಥಾ ಬೀಜ ಹಸಿ ಇರುವಾಗ್ಲೇ ಮಣ್ಣಿಗೆ ಹೋಗ್ಬೇಕು. ನಮ್ಮಲ್ಲಿ ಹಲಸಿನ ಬೀಜಕ್ಕೆ ಕೆಮ್ಮಣ್ಣು ಮೆತ್ತಿ ತಂಪಿನಲ್ಲಿ ಇಡ್ತಾರೆ, ಒಣಗಬಾರ್ದು ಅಂತ. ನೀವು ಅದನ್ನು ಸಂಡಿಗೆ ಮಾಡಿ ಇಟ್ಟಿದ್ದೀರಿ!"

ನಮ್ಮ ಕಡೆ ಹಲಸು ಬೆಳೆಯುವುದಿಲ್ಲ, ನಮ್ಮವ್ವನಿಗೆ ಗೊತ್ತಿದ್ದದ್ದು ಕಾಳಿನ ಶಾಸ್ತ್ರ ಎಂದು ಜಗಳಕ್ಕೆ ನಿಲ್ಲಬೇಕೆಂದುಕೊಂಡೆ. ಬದಲಿಗೆ ಕರಿಬೇವು ಮುರಿದುಕೊಟ್ಟು ಕಳಿಸಿದೆ. ಆಕೆ ಹೋದ ಮೇಲೆ ಬಾಲ್ಕನಿಯಲ್ಲಿ ಕೂತು ಚೆನ್ನಾಗಿ ಅತ್ತೆ. ಇಪ್ಪತ್ತೊಂದು ಜೀವ. ಹೊಟ್ಟೆಯಲ್ಲಿ ತೇವ ಇಟ್ಟುಕೊಂಡು ಬಂದವನ್ನು ಬಿಸಿಲಿಗೆ ಹಾಕಿ ನಾನೇ ಕೊಂದಿದ್ದೆ. ಇದನ್ನು ಅವರಿಗೆ ಹೇಗೆ ಹೇಳುವುದು? ಬೈಯುತ್ತಾರೆ ಎಂಬ ಭಯವೇನಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವರು "ಇರಲಿ ಬಿಡು" ಅನ್ನುತ್ತಾರೆ, ಅದನ್ನು ಕೇಳುವ ಶಕ್ತಿ ನನಗಿರಲಿಲ್ಲ. ಆ ವಾರ ಕೆಳಗಿನ ಮನೆಯವರು ಮೆಂತ್ಯ ಬಿತ್ತಲು ಕರೆದರೆ ಸೊಂಟ ಹಿಡಿದಿದೆ ಎಂದು ಸುಳ್ಳು ಹೇಳಿದೆ. ಬೀಜ ಮುಟ್ಟಲು ಕೈ ಹಿಂಜರಿಯುತ್ತಿತ್ತು.

ಆಗ ನೆನಪಾದದ್ದು ನಮ್ಮ ವಾಚ್‌ಮನ್. ನಮ್ಮ ವಯಸ್ಸಿನವನೇ, ಉತ್ತರಾಖಂಡದ ಗುಡ್ಡದ ಮನುಷ್ಯ. ಕೆಳಗೆ ಹೋಗಿ, ಬಾಂಜ್ ಗೊತ್ತೇ ಎಂದು ಕೇಳಿದೆ. ಅವನ ಮುಖ ಅರಳಿತು. "ಬಾಂಜ್? ಮೇಡಂಜಿ, ಹಮಾರೇ ಘರ್ ಕೇ ಪೀಛೇ ಬಾಂಜ್ ಹೀ ಬಾಂಜ್ ಹೈ!" ಮನೆಯ ಹಿಂದೆಯೇ ಕಾಡು, ಅದರ ಬುಡದಲ್ಲಿ ಒರತೆ, ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಂಥ ನೀರು ಎಂದೆಲ್ಲ ಹೇಳಿದ. ಅಣ್ಣನ ಮಗಳ ಮದುವೆಗೆ ಮರುವಾರವೇ ಊರಿಗೆ ಹೊರಟಿದ್ದ. ಬರುವಾಗ ಬಾಂಜಿನ ಹಸಿ ಬೀಜ ತರಲು ಹೇಳಿದೆ. ಸಾಬ್‌ಗೆ ಹೇಳಬಾರದು ಎಂದು ಆಣೆ ಹಾಕಿಸಿ, ದಾರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ. ಲಂಚವೇ ಅನ್ನಿ.

ಹದಿನೈದು ದಿನಕ್ಕೆ ವಾಪಸು ಬಂದವನು ಊಟದ ಸ್ಟೀಲ್ ಡಬ್ಬಿ ತಂದುಕೊಟ್ಟ. ಒಳಗೆ ಒದ್ದೆ ಹಾವಸೆ, ಹಾವಸೆಯೊಳಗೆ ಹನ್ನೊಂದು ಬೀಜ. ಎರಡು ಬೀಜ ರೈಲಿನಲ್ಲೇ ಬಾಯಿ ಬಿಟ್ಟು ಬಿಳಿ ಬೇರು ಚಾಚಿದ್ದವು.

ನಮ್ಮವರು ಉಳ್ಳಾಗಡ್ಡಿ ತರಲು ತುರ್ಭೆಯ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಬಾಗಿಲಿಗೆ ಚಿಲಕ ಹಾಕಿದೆ. ಡ್ರಮ್ಮಿನ ಮಣ್ಣು ಕೆದರಿ ಸತ್ತ ಬೀಜ ತೆಗೆದು, ಜೀವಂತ ಬೀಜ ಇಟ್ಟು, ಮೇಲೆ ಮಣ್ಣೆಳೆದು ಸುಮ್ಮನಿರುವುದು ನನ್ನ ಲೆಕ್ಕಾಚಾರ. ಕೆದರಿದೆ. ಒಂದೂ ಸಿಗಲಿಲ್ಲ. ಮೊಣಕೈವರೆಗೆ ಕೈ ಹಾಕಿ ತಳದವರೆಗೆ ಹುಡುಕಿದೆ. ಇಪ್ಪತ್ತೊಂದರಲ್ಲಿ ಒಂದೂ ಇಲ್ಲ! ಇಲಿ ತಿಂದಿರಬೇಕು ಎಂದು ತೀರ್ಮಾನಿಸಿದೆ. ನಾಲ್ಕನೇ ಮಜಲಿಗೆ ಇಲಿ ಹೇಗೆ ಬಂತು ಎಂದು ಆಗ ಹೊಳೆಯಲೇ ಇಲ್ಲ, ಕಳ್ಳತನ ಮಾಡುವವರಿಗೆ ಅಷ್ಟೆಲ್ಲ ವ್ಯವಧಾನ ಎಲ್ಲಿಂದ. ಹನ್ನೊಂದು ಬೀಜ ಹಾಕಿ ಮಣ್ಣು ಮುಚ್ಚಿ ಕೈ ತೊಳೆದುಕೊಂಡೆ.

ಒಂಬತ್ತನೇ ದಿನ ಬೆಳಿಗ್ಗೆ ಚಹಾದ ಕಪ್ಪು ಹಿಡಿದು ನಿಂತಿದ್ದವರು ಕೂಗಿಕೊಂಡರು. "ಬಂತಲೇ! ಬಂತು!" ಎರಡು ಮೊಳಕೆ, ಬೆಂಕಿಕಡ್ಡಿಯಷ್ಟು. ಆ ವಾರದಲ್ಲೇ ಏಳಾದವು. ನಮ್ಮವರು ಪೇಡೆ ತಂದು ಬಿಲ್ಡಿಂಗ್ ತುಂಬ ಹಂಚಿದರು. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಅದೇ ಮಾತು: "ಐರೋಲಿಯೊಳಗ ಓಕ್ ಹುಟ್ಟೈತ್ರಿ, ನಮ್ಮಾಕಿ ಕೈಗುಣ!" ಒಂದೊಂದು ಸಲ ಹಾಗೆಂದಾಗಲೂ ನನಗೆ ಮೆಣಸಿನಕಾಯಿ ಅರೆದ ಕೈಯಿಂದ ಕಣ್ಣು ಉಜ್ಜಿಕೊಂಡಂತಾಗುತ್ತಿತ್ತು.

ಎದುರುಮನೆಯಾಕೆ ಬಂದು ಮೊಳಕೆ ನೋಡಿದಳು, ನನ್ನ ಮುಖ ನೋಡಿದಳು. "ಸಂಡಿಗೆ ಚಿಗುರಿತಾ?" ಎಂದಳು.

"ದೇವರ ದಯಾರಿ" ಎಂದೆ.

"ದೇವರು ದೊಡ್ಡವನು" ಎಂದು ಕರಿಬೇವಿನ ದೊಡ್ಡ ಕೊಂಬೆಯನ್ನೇ ಮುರಿದುಕೊಂಡು ಹೋದಳು. ಆ ತಿಂಗಳಿಡೀ ಕೇಳದೇ ಬಂದು ಮುರಿದಳು. ನಾನು ಚಕಾರ ಎತ್ತಲಿಲ್ಲ.

ಏಪ್ರಿಲ್ ಬಂತು. ಸಮುದ್ರದ ನೀರು ಒಳಬರುವ ಖಾಡಿಯ ಕಡೆಯಿಂದ ಬೀಸುವ ಗಾಳಿಯೂ ಕುದಿಯುತ್ತಿತ್ತು. ಓಕ್ ಸಸಿಗಳ ಎಲೆಯ ಅಂಚು ಕಂದಿ, ಸುರುಟಿ, ಒಂದೊಂದೇ ಬಿದ್ದವು. ಗೋಣಿ ಒದ್ದೆ ಮಾಡಿ ಕಟ್ಟಿದೆವು. ನಮ್ಮವರು ಮಧ್ಯಾಹ್ನ ಟೇಬಲ್ ಫ್ಯಾನನ್ನು ತಮ್ಮ ಕಡೆಯಿಂದ ಡ್ರಮ್ಮಿನ ಕಡೆ ತಿರುಗಿಸಿ ತಾವು ಪೇಪರಿನಿಂದ ಗಾಳಿ ಹಾಕಿಕೊಂಡರು. ಏಳರಲ್ಲಿ ಮೂರು ಉಳಿದವು, ಮೇ ಮೊದಲ ವಾರಕ್ಕೆ ಒಂದು. ವಾಚ್‌ಮನ್ ಮೇಲೆ ಬಂದು ನೋಡಿ ತಲೆ ಅಲ್ಲಾಡಿಸಿದ. "ಸಾಬ್, ಇಸಕೋ ಠಂಡ್ ಚಾಹಿಯೇ. ಯಹಾಂ ನಹೀಂ ಬಚೇಗಾ." ಇದಕ್ಕೆ ಚಳಿ ಬೇಕು, ಇಲ್ಲಿ ಬದುಕುವುದಿಲ್ಲ ಅಂತ. ಅವನು ನೌಕರಿ ಬಿಟ್ಟು ಶಾಶ್ವತವಾಗಿ ಊರಿಗೆ ಹೊರಟಿದ್ದ. ಕೊಟ್ಟರೆ ತೆಗೆದುಕೊಂಡು ಹೋಗಿ ಒರತೆಯ ಹತ್ತಿರ ನೆಡುತ್ತೇನೆ ಎಂದ.

ನಮ್ಮವರು ಎರಡು ದಿನ ಗೋಣಿಗೆ ನೀರು ಚಿಮುಕಿಸುತ್ತಲೇ ಇದ್ದರು. ಮೂರನೇ ದಿನ ಬೆಳಿಗ್ಗೆ ಡ್ರಮ್ಮಿನ ಮುಂದೆ ನಿಂತುಕೊಂಡೇ ಹೇಳಿದರು: "ಹೋಗ್ಲಿ. ತವರಮನಿಗೆ ಹೋಗ್ಲಿ."

ತವರಿಗೆ ಹೋಗುವವಳನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಬುಡದ ಮಣ್ಣು ಒಡೆಯದ ಹಾಗೆ ಸಸಿಯನ್ನು ಎತ್ತಿ ಉದ್ದನೆಯ ಎಣ್ಣೆ ಡಬ್ಬಿಯಲ್ಲಿ ಕೂರಿಸಿ, ಒಂದು ಹಸಿರು ಕುಪ್ಪಸದ ಖಣವನ್ನು ಒದ್ದೆ ಮಾಡಿ ಸುತ್ತಿ, ಬುಡಕ್ಕೆ ನಾಲ್ಕು ಅಕ್ಕಿಕಾಳು, ಕುಂಕುಮ ಹಾಕಿ ಉಡಿ ತುಂಬಿದೆ. ಅವನ ಗಾಡಿ ಕಲ್ಯಾಣದಿಂದ. ಐರೋಲಿಯಿಂದ ಠಾಣೆ, ಠಾಣೆಯಿಂದ ಕಲ್ಯಾಣ, ಡಬ್ಬಿ ನನ್ನ ತೊಡೆಯ ಮೇಲೆಯೇ. ಪಕ್ಕದ ಹೆಂಗಸು ಯಾವ ದೇವರ ಗಿಡ ಎಂದು ಕೇಳಿ ಕೈ ಮುಗಿದಳು.

ಪ್ಲಾಟ್‌ಫಾರ್ಮಿನಲ್ಲಿ ನಮ್ಮವರು ಡಬ್ಬಿಯನ್ನು ಕಿಟಕಿಯಿಂದ ಅವನ ಕೈಗೆ ದಾಟಿಸಿ, "ಸಂಭಾಲ್ ಕೇ. ಇದು ನಮ್ಮಾಕಿ ಕೈಗುಣದ ಗಿಡ" ಎಂದು ನನ್ನ ಕಡೆ ಕೈ ತೋರಿಸಿದರು. ವಾಚ್‌ಮನ್ ನನ್ನ ಕಡೆ ನೋಡಿ, ತಟ್ಟನೆ ತನ್ನ ಚಪ್ಪಲಿ ನೋಡಿಕೊಂಡ. ಗಾಡಿ ಹೊರಟಿತು. ಹಸಿರು ಖಣ ಕಾಣಿಸುವವರೆಗೆ ಇಬ್ಬರೂ ಕೈ ಬೀಸಿದೆವು. ಅದು ಮರೆಯಾದದ್ದೇ ನನಗೆ ತಡೆಯಲಾಗಲಿಲ್ಲ.

ಬೆಂಚಿನ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ಬಿಸಿಲು, ಬೂದಿ, ಸಂಡಿಗೆ, ವಾಚ್‌ಮನ್, ಡಬ್ಬಿ, ಇಲಿ. "ಆ ಗಿಡ ನನ್ನ ಕೈದಲ್ರಿ. ನೀವ್ ಕೊಟ್ಟ ಬೀಜ ನಾನ ಕೊಂದೆ. ನಿಮಗ ಮೋಸ ಮಾಡೇನಿ."

ಅವರು ಚಹಾ ಕುಡಿಯುತ್ತಿದ್ದರು. ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು. ಆಮೇಲೆ ಹೊಟ್ಟೆ ಕುಲುಕಲು ಶುರುವಾಯಿತು.

"ಇಲಿ? ನಾಕನೇ ಮಜಲಿಗೆ ಇಲಿ ಬಂದಿತ್ತಾ?" ಎಂದು ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡು ನಕ್ಕರು. ಮುಂದೆ ಏನು ಕೇಳಿದರೂ, "ಮನಿಗೆ ನಡಿ, ಇಲಿ ತೋರಸ್ತೀನಿ" ಎಂದಷ್ಟೇ.

ಮನೆಗೆ ಬಂದು ಕಪಾಟಿನ ಮೇಲಿನಿಂದ ತಮ್ಮ ಹಳೆಯ ಸ್ಯಾಂಪಲ್ ಪೆಟ್ಟಿಗೆ ಇಳಿಸಿ ತೆರೆದರು. ಓಕ್ ಫಿನಿಶಿನ ಚೌಕ ತುಂಡುಗಳ ಮೇಲೆ, ಮಣ್ಣು ಒರೆಸಿ ಸಾಲಾಗಿ ಇಟ್ಟ ಬೀಜಗಳು. ಎಣಿಸಿದೆ. ಇಪ್ಪತ್ತು ಇಡಿಯಾಗಿ, ಒಂದು ಮಾತ್ರ ಎರಡು ಹೋಳಾಗಿ. ಒಂದರ ಮೇಲೆ ನನ್ನ ಹಲ್ಲಿನ ಗುರುತು.

ಬಿತ್ತಿದ ಇಪ್ಪತ್ತನೇ ದಿನ, ನಾನು ಸ್ನಾನಕ್ಕೆ ಹೋದಾಗ, ಚಮಚದಿಂದ ಕೆದರಿ ಎಲ್ಲ ತೆಗೆದಿದ್ದರಂತೆ. ಒಂದನ್ನು ಸೀಳಿ ನೋಡಿದರೆ ಒಳಗೆ ಬರೀ ಕಪ್ಪು ಪುಡಿ. "ಅಷ್ಟ ದಿನದಿಂದ ಗೊತ್ತಿತ್ತು?" ಎಂದು ನಾನು ಸಿಡಿದೆದ್ದೆ. "ಗೊತ್ತಿದ್ದೂ ದಿನಾ ಖಾಲಿ ಡ್ರಮ್ಮಿನ ಮುಂದ ನಿಂತು ಇವತ್ತ ಬರ್ತೈತಿ, ಇವತ್ತ ಬರ್ತೈತಿ ಅಂತ ನನ್ನ ಕುಣಿಸಿದ್ರಿ? ನಾ ಹುಚ್ಚಿಯಂಗ ಮಣ್ಣಿಗೆ ನೀರ್ ಹಾಕೀನಿ!"

"ಹೇಳಿದ್ರ ನೀ ಮತ್ತೊಮ್ಮೆ ಬೀಜಾ ಮುಟ್ಟತಿದ್ದೇನು?" ಎಂದರು.

ನಾನು ಬೀಜಗಳನ್ನು ಮತ್ತೆ ಸಾಲಾಗಿ ಇಡತೊಡಗಿದೆ. ಆಮೇಲೆ ಇನ್ನೊಂದು ಹೊಳೆಯಿತು. "ಹಂಗಾರ ಹುಟ್ಟಿದ್ದು ನಿಮ್ಮ ಬೀಜಲ್ಲ ಅಂತ ಆವತ್ತ ಗೊತ್ತಿತ್ತಲ್ಲ? ಮತ್ತ್ಯಾಕ ಊರ ತುಂಬ ಪೇಡೆ ಹಂಚಿದ್ರಿ?"

"ಯಾರ್ ಬೀಜರ ಇರವಲ್ದ್ಯಾಕ. ನಾ ಕೇಳ್ದೆ, ನೀ ಹುಟ್ಟಿಸಿ ಕೊಟ್ಟಿ."

ನಲವತ್ತು ವರ್ಷದ ಸಂಸಾರದಲ್ಲಿ ಈ ಮನುಷ್ಯನ ಮೇಲೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ, ಇಷ್ಟು ಪ್ರೀತಿಯೂ ಬಂದಿರಲಿಲ್ಲ. ಎರಡಕ್ಕೂ ಸೇರಿಸಿ ಆ ದಿನ ಹೋಳಿಗೆ ಮಾಡಿದೆ.

ಮಳೆಗಾಲದಲ್ಲಿ ವಾಚ್‌ಮನ್ ಫೋಟೊ ಕಳಿಸಿದ. ಒರತೆಯ ಪಕ್ಕ, ಮೇಕೆ ತಿನ್ನದ ಹಾಗೆ ಮುಳ್ಳು ಕಟ್ಟಿದ ಬೇಲಿಯೊಳಗೆ, ನಾಲ್ಕು ಹೊಸ ಎಲೆ. ಬೇಲಿಗೆ ನನ್ನ ಹಸಿರು ಖಣ ಕಟ್ಟಿದ್ದಾನೆ. ಒಂದು ಎಲೆ ಮಗುಚಿಕೊಂಡು ಬಿಳಿ ಅಡಿಭಾಗ ಕಾಣುತ್ತಿತ್ತು. ನಮ್ಮವರು ಕನ್ನಡಕ ಏರಿಸಿ ನೋಡಿ, "ನಿನ್ನ ಬೂದಿ ಅಲ್ಲೀತನಕಾ ಹೋಗೇತಿ ನೋಡು" ಎಂದರು.

ಅದೇ ವಾರ ಎದುರುಮನೆಯಾಕೆ ಊರಿಂದ ತಂದ ಹಲಸಿನ ಬೀಜ ಹಿಡಿದು ಬಂದಳು, ಒಂದೊಂದಕ್ಕೂ ಕೆಮ್ಮಣ್ಣು ಮೆತ್ತಿತ್ತು. "ನಿಮ್ಮ ಡ್ರಮ್ಮು ಖಾಲಿ ಉಂಟಲ್ಲ? ಹಾಕಿ. ನೀವೇ ಹಾಕ್ಬೇಕು, ನನ್ನ ಕೈ ಆಗುವುದಿಲ್ಲ" ಎಂದಳು. ಬಿಸಿಲಿಗೂ ತೋರಿಸಲಿಲ್ಲ, ಬೂದಿಯನ್ನೂ ಹಚ್ಚಲಿಲ್ಲ. ಹಾಕಿದೆ.

ಮರುದಿನ ಬೆಳಿಗ್ಗೆ ನಮ್ಮವರು ಚಹಾದ ಕಪ್ಪು ಹಿಡಿದು ಡ್ರಮ್ಮಿನ ಮುಂದೆ ನಿಂತಿದ್ದರು. ನೀರಿನ ತಂಬಿಗೆ ಕೆಳಗಿಟ್ಟು, ನಾನೂ ನನ್ನ ಚಹಾ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ನಿಂತೆ.

"ಇವತ್ತ ಬರ್ತೈತಿ ನೋಡ್ರಿ" ಎಂದೆ.